ಆಪರೇಶನ್‌ಗೆ ಮುಂಚೆ ಇಳಿಸಬೇಕಾದ ತೂಕ ಇಳೀತಾನೇ ಇಲ್ಲ. ದಿನಾಂಕ ಮುಂದೆ ಹೋಗುತ್ತಾ?

ಸೇಡಂ ರೋಡ್ ಟೀಚರ್ · ಕಲಬುರಗಿ

ಎಲ್ಲರಿಗೂ ನಮಸ್ಕಾರ. ಬೇರಿಯಾಟ್ರಿಕ್ ಆಪರೇಶನ್, ಅಂದರೆ ತೂಕ ಇಳಿಸುವ ಆಪರೇಶನ್ ಆದವರು ಇಲ್ಲಿ ಕೆಲವರಿದ್ದೀರಿ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ವಯಸ್ಸು 41, ಎತ್ತರ 157 ಸೆಂ.ಮೀ. ಮಾರ್ಚ್‌ನಲ್ಲಿ ಶುರು ಮಾಡಿದಾಗ ತೂಕ 112 ಕೆಜಿ. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಅಳತೆ) 45 ದಾಟುತ್ತದೆ. ಶುಗರ್ ಇದೆ, ಬಿಪಿ ಇದೆ, ಮಂಡಿ ನೋವಂತೂ ಹೇಳಬೇಡಿ. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಜಠರ ಕತ್ತರಿಸಿ ಚಿಕ್ಕದು ಮಾಡುವ ಸ್ಲೀವ್ ಆಪರೇಶನ್ ಮಾಡಿಸುವುದು ಅಂತ ಆಗಿದೆ, ಮೇ ಎರಡನೇ ವಾರಕ್ಕೆ. ಅಷ್ಟರಲ್ಲಿ 5% ತೂಕ ಇಳಿಸಿಕೊಂಡು ಬನ್ನಿ ಅಂದಿದ್ದಾರೆ ಸರ್ಜನ್. ಅಂದರೆ ಹೆಚ್ಚೂಕಡಿಮೆ ಐದೂವರೆ ಕೆಜಿ.

ಮೊದಲ ವಾರ 1.9 ಕೆಜಿ ಇಳಿಯಿತು. ಖುಷಿಯೋ ಖುಷಿ. ಆಮೇಲೆ ಮುಳ್ಳು ಅಲ್ಲಾಡುತ್ತಿಲ್ಲ. ಒಂದು ವಾರ 200 ಗ್ರಾಂ, ಇನ್ನೊಂದು ವಾರ ಏನೂ ಇಲ್ಲ, ಹೋದ ವಾರ 300 ಗ್ರಾಂ ಏರಿಯೇ ಬಿಟ್ಟಿದೆ.

ಊಟ ಹೀಗೆ: ಬೆಳಿಗ್ಗೆ ಸಕ್ಕರೆ ಇಲ್ಲದ ಚಹಾ, ಎರಡು ಇಡ್ಲಿ ಅಥವಾ ಸ್ವಲ್ಪ ಸುಸ್ಲಾ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ ಅಥವಾ ಯಾವುದಾದರೂ ಕಾಯಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ರಾತ್ರಿ ಒಂದು ರೊಟ್ಟಿ, ತೊಗರಿ ಬೇಳೆ. ಅನ್ನ ಬಿಟ್ಟಿದ್ದೇನೆ. ಸಿಹಿ ಬಿಟ್ಟಿದ್ದೇನೆ. ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ಬೆಳಿಗ್ಗೆ ಪಬ್ಲಿಕ್ ಗಾರ್ಡನ್‌ನಲ್ಲಿ ಅರ್ಧ ಗಂಟೆ ನಡೆಯುತ್ತೇನೆ. ಏಳು ಗಂಟೆ ಆದ ಮೇಲೆ ನಮ್ಮೂರ ಬಿಸಿಲು ಗೊತ್ತಲ್ವಾ.

ಭಯ ಎರಡು. ಒಂದು, ದಿನಾಂಕ ಮುಂದೆ ಹೋಗುವುದು. ಬೇಸಿಗೆ ರಜೆ ತಪ್ಪಿದರೆ ಮತ್ತೆ ದಸರಾ ರಜೆವರೆಗೆ ಕಾಯಬೇಕು. ಎರಡನೆಯದು ರಾತ್ರಿ ನಿದ್ದೆ ಕೆಡಿಸುವಂಥದ್ದು. ಇಷ್ಟು ಬಾಯಿ ಕಟ್ಟಿದರೂ ಇಳಿಯದ ಮೈ, ಆಪರೇಶನ್ ಆದ ಮೇಲೂ ಹೀಗೇ ಕೂತರೆ?


ಅಡುಗೆಮನೆ ಕಾಕು · ಶಹಾಬಾದ್

ಟೀಚರಮ್ಮಾ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಜೀರಿಗೆ ನೀರು, ರಾತ್ರಿ ನೆನೆಸಿದ ಮೆಂತ್ಯ. ನಮ್ಮ ವೈನಿ ಹಂಗೇ ಹತ್ತು ಕೆಜಿ ಇಳಿದರು. ಹೊಟ್ಟೆ ಕತ್ತರಿಸುವುದು ಯಾಕೆ ಬೇಕಿತ್ತು?


ತೊಗರಿ ಹೊಲ · ಆಳಂದ

ತಪ್ಪು ತಿಳಿಯಬೇಡಿ ಅಕ್ಕಾರೆ. ನನಗೆ ಅರ್ಥವಾಗದ ಮಾತು ಒಂದಿದೆ. ತೂಕ ಇಳಿಯುತ್ತಿಲ್ಲ ಅಂತ ಆಪರೇಶನ್‌ಗೆ ಹೋಗುತ್ತೀರಿ. ಅವರು ಮೊದಲು ತೂಕ ಇಳಿಸಿಕೊಂಡು ಬನ್ನಿ ಅನ್ನುತ್ತಾರೆ. ಇಳಿಸಲು ಬರುವುದಾದರೆ ಆಪರೇಶನ್ ಯಾಕೆ? ಲಕ್ಷಗಟ್ಟಲೆ ದುಡ್ಡು.


ಬಿದ್ರಿ ಬೆಳ್ಳಿ · ಬೀದರ್

ಅಣ್ಣಾ, ಈ ಪ್ರಶ್ನೆಯನ್ನು ನನ್ನ ಗಂಡನ ಮನೆಯವರು ಪ್ರತಿ ಮದುವೆಯಲ್ಲೂ ಕೇಳುತ್ತಿದ್ದರು. ಆದರೂ ಪ್ರಶ್ನೆ ಸರಿಯಾದದ್ದೇ.

ಐದಾರು ಕೆಜಿ ಇಳಿಸುವುದು ಎಲ್ಲರಿಗೂ ಒಂದಲ್ಲ ಒಂದು ಸಲ ಬರುತ್ತದೆ. ನಾನು ಮದುವೆಗೆ ಮುಂಚೆ ಇಳಿಸಿದ್ದೆ, ಮಗ ಹುಟ್ಟಿದ ಮೇಲೆ ಇಳಿಸಿದ್ದೆ. ಇಳಿದದ್ದು ನಿಲ್ಲುವುದಿಲ್ಲ, ಅದೇ ತೊಂದರೆ. ತೂಕ ಇಳಿದ ಕೂಡಲೇ ಮೈ ಹಸಿವನ್ನು ಜಾಸ್ತಿ ಮಾಡುತ್ತದೆ, ಖರ್ಚನ್ನು ಕಡಿಮೆ ಮಾಡುತ್ತದೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯುತ್ತಾರೆ. ಹಸಿವಿನ ಹಾರ್ಮೋನು ಗ್ರೆಲಿನ್ ಜಾಸ್ತಿ ತಯಾರಾಗುವ ಮೇಲ್ಭಾಗವೂ ಅದರಲ್ಲೇ ಹೋಗುತ್ತದೆ. ಹಾಗಾಗಿ ಆಪರೇಶನ್‌ಗೆ ಮುಂಚಿನ ಉಪವಾಸ ಬೇರೆ, ಆಮೇಲಿನ ಊಟ ಬೇರೆ. ಮುಂಚೆ ಅರ್ಧ ರೊಟ್ಟಿಗೆ ಎದ್ದರೆ ಇಡೀ ಮಧ್ಯಾಹ್ನ ತಲೆಯಲ್ಲಿ ಊಟವೇ ಓಡುತ್ತಿತ್ತು. ಆಮೇಲೆ ಅರ್ಧ ರೊಟ್ಟಿ ಮುಗಿಸುವುದೇ ಕೆಲಸ.

ಟೀಚರ್ ಅಕ್ಕಾ, ನಿಮ್ಮ ಎರಡನೇ ಭಯಕ್ಕೆ ನನ್ನ ಉತ್ತರ ಇದು. ನನಗೂ ಹೇಳಿದಷ್ಟು ಇಳಿದಿರಲಿಲ್ಲ. ಆಪರೇಶನ್ ಆಯಿತು, ಮೊದಲ ವರ್ಷ ಚೆನ್ನಾಗಿಯೇ ಇಳಿಯಿತು. ಅಲ್ಲೂ ಮೂರನೇ ವಾರದ ಹೊತ್ತಿಗೆ ಮುಳ್ಳು ನಿಂತಿತ್ತು. ನೀರು ಕುಡಿದು ಜೀವ ಹಿಡಿದಿದ್ದೇನೆ, ಆದರೂ ತೂಕ ಅಲ್ಲೇ! ಅಳುತ್ತಾ ಫೋನ್ ಮಾಡಿದರೆ ಡಯಟೀಶಿಯನ್ ನಕ್ಕರು. ಹೆಚ್ಚಿನವರಿಗೆ ಹಾಗೆ ಆಗುತ್ತದಂತೆ. ತೂಕ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ, ಪ್ರತಿ ಮೆಟ್ಟಿಲ ಮೇಲೂ ಸ್ವಲ್ಪ ನಿಲ್ಲುತ್ತದೆ.


ಯಾದಗಿರಿ ಪೋರ · ಯಾದಗಿರಿ

ನಂದೂ ಇದೇ ಕಥೆ ಅಕ್ಕಾ. ಜಠರ ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಬೈಪಾಸ್ ಅಂದಿದ್ದಾರೆ. ತೂಕದ ಜೊತೆಗೆ ಗುಟ್ಕಾ ಬಿಡು ಅಂದಿದ್ದಾರೆ. ತೂಕ ಇಳಿಸುವುದು ಸುಲಭ ಅನ್ನಿಸುತ್ತಿದೆ ಈಗ.


ರಾತ್ರಿಪಾಳಿ · ಕಲಬುರಗಿ

ನಾನು ಆಪರೇಶನ್ ಥಿಯೇಟರ್ ನರ್ಸ್. ಸಲಹೆ ಕೊಡುವ ಡಾಕ್ಟರ್ ಅಲ್ಲ, ಆದರೆ ಟೇಬಲ್ ಪಕ್ಕ ನಿಂತು ಕಂಡದ್ದನ್ನು ಹೇಳಬಲ್ಲೆ.

ಮುಂಚೆ ತೂಕ ಇಳಿಸಿ ಅನ್ನುವುದು ನಿಮ್ಮ ಮನಸ್ಸು ಗಟ್ಟಿ ಇದೆಯಾ ಅಂತ ನೋಡುವ ಪರೀಕ್ಷೆ ಅಂತ ಹಲವರು ತಿಳಿದಿದ್ದಾರೆ. ಒಳಗಿನ ಕಾರಣ ಲಿವರ್. ಲಿವರಿನ ಎಡ ಭಾಗ ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡು ಮಲಗಿರುತ್ತದೆ. ಅದನ್ನು ಎತ್ತಿ ಹಿಡಿದುಕೊಂಡೇ ಸರ್ಜನ್ ಕೆಲಸ ಮಾಡಬೇಕು. ಕೊಬ್ಬು ತುಂಬಿದ ಲಿವರ್ ದೊಡ್ಡದಿರುತ್ತದೆ, ಭಾರ ಇರುತ್ತದೆ, ಬೇಗ ಹರಿದು ರಕ್ತ ಬರುತ್ತದೆ. ಜಾಗ ಕಾಣದಿದ್ದರೆ ತೂತಿನ ಆಪರೇಶನ್ ಬಿಟ್ಟು ಹೊಟ್ಟೆ ತೆರೆಯಬೇಕಾಗಬಹುದು, ಇಲ್ಲವೇ ಅಲ್ಲಿಗೇ ನಿಲ್ಲಿಸಬೇಕಾಗಬಹುದು.

ಅದಕ್ಕೇ ಕೊನೆಯ ಎರಡು ವಾರ, ಕೆಲವು ಕಡೆ ನಾಲ್ಕು ವಾರದವರೆಗೂ, 800ರಿಂದ 1000 ಕ್ಯಾಲೊರಿಯ ಗಟ್ಟಿ, ಅಂದರೆ ಕಟ್ಟುನಿಟ್ಟಿನ, ಪಥ್ಯ ಕೊಡುತ್ತಾರೆ. ಒಂದು ಅಧ್ಯಯನದಲ್ಲಿ 12 ವಾರ ತೀರಾ ಕಡಿಮೆ ಕ್ಯಾಲೊರಿಯ ಪಥ್ಯ ಮಾಡಿಸಿ ಸ್ಕ್ಯಾನ್ ಮಾಡಿ ನೋಡಿದ್ದರು. ಲಿವರ್ ಒಟ್ಟು ಎಷ್ಟು ಕುಗ್ಗಿತೋ ಅದರ 80% ಮೊದಲ ಎರಡು ವಾರದಲ್ಲೇ ಆಗಿತ್ತು. ಅಂದರೆ ಮುಳ್ಳು ನಿಧಾನ ಇದ್ದರೂ ಲಿವರ್ ತನ್ನ ಕೆಲಸ ಮುಗಿಸಿರಬಹುದು.

ಮೊದಲ ವಾರದ ಆ 1.9 ಕೆಜಿ ವಿಷಯ. ಮೈಯಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ, ಲಿವರಿನಲ್ಲಿ ಸ್ವಲ್ಪ, ಸ್ನಾಯುಗಳಲ್ಲಿ ಜಾಸ್ತಿ. ಒಟ್ಟು ಅರ್ಧ ಕೆಜಿ ಅಂತಿಟ್ಟುಕೊಳ್ಳಿ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ. ಅನ್ನ, ಸಿಹಿ ಬಿಟ್ಟ ಕೂಡಲೇ ದಾಸ್ತಾನು ಕರಗಿ ಆ ನೀರೂ ಹೋಗುತ್ತದೆ. ಮೊದಲ ವಾರ ಜಾಸ್ತಿ ಇಳಿಯುವುದು, ಎರಡನೇ ವಾರ ನಿಂತ ಹಾಗೆ ಕಾಣುವುದು ಇದರಿಂದ. ಮುಟ್ಟಿನ ದಿನಗಳ ಸುತ್ತ ಮೈ ನೀರು ಹಿಡಿಯುತ್ತದೆ. ಹಪ್ಪಳ, ಉಪ್ಪಿನಕಾಯಿ ತಿಂದರೂ ಅಷ್ಟೇ. 300 ಗ್ರಾಂ ಏರಿತು ಅನ್ನುವುದು ಕೊಬ್ಬಿನ ಲೆಕ್ಕ ಅಲ್ಲವೇ ಅಲ್ಲ.

ಎರಡು ಪ್ರಶ್ನೆ ಟೀಚರ್. ಶುಗರ್‌ಗೆ ಯಾವ ಮಾತ್ರೆ? ಗೊರಕೆ ಇದೆಯಾ?


ಕಟಕ ರೊಟ್ಟಿ · ಕಲಬುರಗಿ

ಡಯಟೀಶಿಯನ್ ಆಗಿ ಮಾತಾಡುತ್ತೇನೆ, ಬೈಯಬೇಡಿ.

ನಮ್ಮ ಕಡೆ ಎಲ್ಲರಿಗೂ ಒಂದು ನಂಬಿಕೆ: ಜೋಳದ ರೊಟ್ಟಿ ತಿಂದರೆ ತೂಕ ಇಳಿಯುತ್ತದೆ, ಅನ್ನ ತಿಂದರೆ ಏರುತ್ತದೆ. ಜೋಳದಲ್ಲಿ ನಾರು ಇದೆ, ಹೊಟ್ಟೆ ತುಂಬಿದ ಹಾಗಿರುತ್ತದೆ, ಒಪ್ಪುತ್ತೇನೆ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 340 ಕ್ಯಾಲೊರಿ. ಗೋಧಿ ಹಿಟ್ಟಿನದೂ ಹತ್ತಿರ ಹತ್ತಿರ ಅಷ್ಟೇ. ಅತ್ತೆ ಬಡಿಯುವ ಅಗಲದ ರೊಟ್ಟಿಗೆ ಎಷ್ಟು ಹಿಟ್ಟು ಹೋಗುತ್ತದೆ ಅಂತ ಒಮ್ಮೆ ತೂಗಿ ನೋಡಿ. 60 ಗ್ರಾಂ ಇದ್ದರೆ ಒಂದು ರೊಟ್ಟಿಗೆ 200 ಕ್ಯಾಲೊರಿ.

ಇನ್ನು ಹಿಂಡಿ. ಯಾರೂ ಅದನ್ನು ಊಟ ಅಂತ ಲೆಕ್ಕ ಹಿಡಿಯುವುದಿಲ್ಲ. ಶೇಂಗಾ 100 ಗ್ರಾಂಗೆ 560 ಕ್ಯಾಲೊರಿ ಮೇಲೆ. ಎರಡು ದೊಡ್ಡ ಚಮಚ ಹಿಂಡಿಗೆ 100 ಚಿಲ್ಲರೆ. ಅದರ ಮೇಲೆ ಒಂದು ದೊಡ್ಡ ಚಮಚ ಕುಸುಬಿ ಎಣ್ಣೆ ಹಾಕಿ ಕಲಸಿದರೆ ಇನ್ನೂ 120. ರೊಟ್ಟಿ ಪಕ್ಕದಲ್ಲಿ ಸುಮ್ನೆ ಕೂತ ಹಿಂಡಿ ರೊಟ್ಟಿಗಿಂತ ಭಾರ. ಎಣ್ಣೆ ಹಾಕುತ್ತೀರಾ, ಮೊಸರು ಹಾಕುತ್ತೀರಾ?

ಮೂರನೆಯದು ಪ್ರೋಟೀನ್. ನೀವು ಬರೆದ ಊಟದಲ್ಲಿ ಅದು ಬಹಳ ಕಡಿಮೆ. ಆಪರೇಶನ್ ಮುಂದೆ ಹಿಂದೆ ದಿನಕ್ಕೆ 60ರಿಂದ 80 ಗ್ರಾಂ ಬೇಕು. ಪ್ರೋಟೀನ್ ಇಲ್ಲದೆ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಹಸಿವೂ ತಡೆಯುವುದಿಲ್ಲ.


ತೊಗರಿ ಹೊಲ · ಆಳಂದ

ಮೇಡಂ, ತೊಗರಿ ಬೇಳೆ ತಿನ್ನುತ್ತಾರಲ್ಲ. ನಮ್ಮ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ (ಊರಿನ ಹೆಸರಿನ ಗುರುತು) ಸಿಕ್ಕಿದೆ. ಅದರಲ್ಲಿ ಪ್ರೋಟೀನ್ ಇಲ್ಲ ಅಂದರೆ ನಾವು ಬೆಳೆಯುವುದು ಏನನ್ನು?


ಕಟಕ ರೊಟ್ಟಿ · ಕಲಬುರಗಿ

ಅಣ್ಣಾ, ನಿಮ್ಮ ಬೇಳೆಗೆ ನಾನೂ ಅಭಿಮಾನಿ. 100 ಗ್ರಾಂ ಒಣ ಬೇಳೆಯಲ್ಲಿ 22 ಗ್ರಾಂ ಪ್ರೋಟೀನ್ ಇದೆ. ಆದರೆ ಒಬ್ಬರ ಬಟ್ಟಲಿಗೆ ಬೀಳುವುದು 25 ಗ್ರಾಂ ಬೇಳೆ, ಉಳಿದದ್ದು ನೀರು. ಅಂದರೆ ಐದೂವರೆ ಗ್ರಾಂ. ಅದರಿಂದಲೇ 60 ಮುಟ್ಟಬೇಕಾದರೆ ಒಂದು ಕೊಳಗ ಬೇಳೆ ಕುಡಿಯಬೇಕು.

ಮೊಟ್ಟೆ ತಿನ್ನದವರಿಗೆ ದಾರಿ ಇದೆ. ಸೋಯಾ ಚಂಕ್ಸ್ 30 ಗ್ರಾಂಗೆ 15 ಗ್ರಾಂ ಪ್ರೋಟೀನ್. ಪನೀರ್ 100 ಗ್ರಾಂಗೆ 18ರ ಆಸುಪಾಸು, ಆದರೆ ಕೊಬ್ಬೂ ಇದೆ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು. ಮೊಳಕೆ ಬಂದ ಮಡಕಿ, ಹೆಸರು. ಉಳಿದದ್ದಕ್ಕೆ ಆಸ್ಪತ್ರೆಯವರು ಬರೆದುಕೊಟ್ಟ ಪ್ರೋಟೀನ್ ಪುಡಿ. ಪುಡಿ ಅಂದರೆ ಜಿಮ್ ಹುಡುಗರದ್ದು ಅಂತ ಮೂಗು ಮುರಿಯಬೇಡಿ, ಆಪರೇಶನ್ ಆದ ಮೊದಲ ವಾರಗಳಲ್ಲಿ ನಿಮ್ಮ ಊಟವೇ ಅದು. ಈಗಲೇ ಕುಡಿದು ರುಚಿಗೆ ಒಗ್ಗಿಕೊಳ್ಳಿ.

ಕಾಕು, ಜೀರಿಗೆ ನೀರು ಕುಡಿಯಲಿ, ತೊಂದರೆ ಇಲ್ಲ. ಅದರಿಂದ ಕೊಬ್ಬು ಕರಗುವುದಿಲ್ಲ ಅಷ್ಟೇ. ಮೆಂತ್ಯದ ವಿಷಯದಲ್ಲಿ ಸ್ವಲ್ಪ ಎಚ್ಚರ, ಅದು ಶುಗರ್ ಇಳಿಸಬಹುದು. ಮಾತ್ರೆ ಜೊತೆ ಜಾಸ್ತಿ ತೆಗೆದುಕೊಂಡರೆ ಇಳಿತ ಜಾಸ್ತಿ ಆದೀತು.


ಸೇಡಂ ರೋಡ್ ಟೀಚರ್ · ಕಲಬುರಗಿ

ಹಿಂಡಿಗೆ ಎಣ್ಣೆಯೇ ಹಾಕುವುದು. ಮೊಸರು ಹಾಕಿದರೆ ಅದು ಹಿಂಡಿ ಹೇಗಾಗುತ್ತದೆ ಮೇಡಂ! ಆದರೂ ಇವತ್ತಿನಿಂದ ಮೊಸರು.

ನರ್ಸ್ ಅಕ್ಕಾ, ಶುಗರ್‌ಗೆ ಎರಡು. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ಮತ್ತೆ ಡಾಪಾಗ್ಲಿಫ್ಲೋಜಿನ್. ಇಲ್ಲಿನ ಡಾಕ್ಟರ್ ಹಿಂದೆ ಬರೆದದ್ದು. ಗೊರಕೆ ಇದೆಯಾ ಅಂತ ನಮ್ಮವರನ್ನು ಕೇಳಿದೆ. ಪಕ್ಕದ ಮನೆಯವರನ್ನೂ ಕೇಳಬಹುದು ಅಂದರು.

ಇನ್ನೊಂದು. ಸಂಜೆ ನಾಲ್ಕು ಗಂಟೆ ಹೊತ್ತಿಗೆ ಕೈ ನಡುಗುತ್ತದೆ, ಬೆವರು ಬರುತ್ತದೆ, ಕಣ್ಣು ಮಂಜು. ಊಟ ಕಡಿಮೆ ಆಗಿದ್ದಕ್ಕೆ ನಿಶ್ಶಕ್ತಿ ಅಂತ ಅತ್ತೆ ಸಕ್ಕರೆ ಹಾಕಿದ ಚಹಾ, ನಾಲ್ಕೈದು ಬಿಸ್ಕತ್ತು ಕೊಡುತ್ತಾರೆ. "ಹಿಂಗ ಉಪವಾಸ ಬಿದ್ರ ಜೀವ ಹೆಂಗ ನಿಲ್ತದವಾ" ಅಂತ. ತಿಂದ ಹತ್ತು ನಿಮಿಷಕ್ಕೆ ಸರಿ ಹೋಗುತ್ತದೆ. ವಾರದಲ್ಲಿ ಹಲವು ಸಲ ಹೀಗೆ.


ರಾತ್ರಿಪಾಳಿ · ಕಲಬುರಗಿ

ಟೀಚರ್, ಇದನ್ನು ಓದಿದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ನಾಳೆ ಅಲ್ಲ, ಇವತ್ತು.

ಅದು ನಿಶ್ಶಕ್ತಿ ಅಲ್ಲ, ಶುಗರ್ ಕೆಳಗೆ ಇಳಿಯುತ್ತಿರುವ ಲಕ್ಷಣ. ಗ್ಲಿಮೆಪಿರೈಡ್ ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಹೊರಗೆ ತಳ್ಳುತ್ತದೆ. ಊಟ ಅರ್ಧ ಮಾಡಿದ್ದೀರಿ, ಮಾತ್ರೆ ಮೊದಲಿನಷ್ಟೇ ಇದೆ. ಪಥ್ಯ ಶುರು ಮಾಡುವಾಗಲೇ ಇದರ ಪ್ರಮಾಣ ನೋಡಬೇಕಿತ್ತು. ಗ್ಲುಕೋಮೀಟರ್ ಇದ್ದರೆ ನಡುಕ ಬಂದಾಗ ಚುಚ್ಚಿ ನೋಡಿ ಬರೆದಿಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ನೀರಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಬಿಸ್ಕತ್ತು ನಿಧಾನ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಆದರೆ ಇವತ್ತೇ ಕೇಳಿ.

ಡಾಪಾಗ್ಲಿಫ್ಲೋಜಿನ್ ಬಗ್ಗೆಯೂ ಸರ್ಜನ್‌ಗೆ, ಅರಿವಳಿಕೆ ಡಾಕ್ಟರಿಗೆ ಇಬ್ಬರಿಗೂ ಹೇಳಿ. ಆ ಗುಂಪಿನ ಮಾತ್ರೆಯನ್ನು ಆಪರೇಶನ್‌ಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸುತ್ತಾರೆ. ಅದರ ಜೊತೆ ತೀರಾ ಕಡಿಮೆ ಪಿಷ್ಟದ ಪಥ್ಯ ಮಾಡಿದರೆ ಕೊಬ್ಬು ಕರಗುವಾಗ ಬರುವ ಕೀಟೋನ್ ಅನ್ನುವ ಆಮ್ಲ ರಕ್ತದಲ್ಲಿ ಏರಿ ಅಪಾಯ ಆಗಬಹುದು. ಶುಗರ್ ನೋಡಿದರೆ ಅಷ್ಟೇನೂ ಜಾಸ್ತಿ ಇರುವುದಿಲ್ಲ, ಅದಕ್ಕೇ ಮೋಸ. ವಾಂತಿ, ಹೊಟ್ಟೆ ನೋವು, ಏದುಸಿರು ಬಂದರೆ ಕಾಯದೆ ಎಮರ್ಜೆನ್ಸಿಗೆ ಹೋಗಿ. ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿ ಇದೆಯಾ ಅಂತಲೂ ಕೇಳಿ. ಈ ಬಿಸಿಲಲ್ಲಿ ನೀರಿನ ಅಂಶ ಬೇಗ ಕಡಿಮೆ ಆಗುತ್ತದೆ.

ಗೊರಕೆ ಮಾತು ನಗೆಯಲ್ಲಿ ತೇಲಿಸಬೇಡಿ. ಬೆಳಿಗ್ಗೆ ತಲೆನೋವು, ಮಧ್ಯಾಹ್ನ ಕೂತಲ್ಲೇ ತೂಕಡಿಕೆ ಇದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿದ್ದಾರಾ ಅಂತ ಕೇಳಿ.


ಬಿದ್ರಿ ಬೆಳ್ಳಿ · ಬೀದರ್

ನೋಡಿ, ತೂಕ ಯಾಕೆ ನಿಂತಿದೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಮಾತ್ರೆ ಶುಗರ್ ಇಳಿಸುತ್ತದೆ, ಬಿಸ್ಕತ್ತು ಅದನ್ನು ಎತ್ತುತ್ತದೆ. ಪಾಪ, ಟೀಚರ್ ಮನಸ್ಸನ್ನು ಬೈದುಕೊಳ್ಳುತ್ತಿದ್ದಾರೆ.


ತೊಗರಿ ಹೊಲ · ಆಳಂದ

ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿವೆಯಲ್ಲ, ಮೌಂಜಾರೊ, ವೆಗೋವಿ ಅಂತ. ಅದನ್ನು ಯಾಕೆ ತೆಗೆದುಕೊಳ್ಳಬಾರದು? ಚಾಕು ಬೇಡ ಏನೂ ಬೇಡ.


ರಾತ್ರಿಪಾಳಿ · ಕಲಬುರಗಿ

ತೆಗೆದುಕೊಳ್ಳಬಹುದು, ಡಾಕ್ಟರ್ ಬರೆದರೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷ ಜೂನ್‌ನಲ್ಲಿ ಇಲ್ಲಿಗೆ ಬಂದವು. ಆಪರೇಶನ್‌ಗೆ ಮುಂಚೆ ತೂಕ ಇಳಿಸಲು ಕೆಲವು ಸರ್ಜನ್‌ಗಳು ಇದನ್ನೇ ಕೊಡುತ್ತಾರೆ. ನಿಲ್ಲಿಸಿದರೆ ತೂಕ ಬಹುಪಾಲು ವಾಪಸ್ ಬರುತ್ತದೆ, ತಿಂಗಳು ತಿಂಗಳು ಖರ್ಚು. ಇವು ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಆದ್ದರಿಂದ ಚುಚ್ಚಿಸಿಕೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ತಪ್ಪದೆ ಹೇಳಬೇಕು. 45ರ ಬಿಎಂಐಗೆ ಆಪರೇಶನ್ ಕೊಡುವಷ್ಟು ಇಳಿಕೆ ಬೇರೆ ದಾರಿಯಲ್ಲಿ ಸಿಗುವುದು ಇನ್ನೂ ಕಷ್ಟವೇ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನ ಇದೆ. ಆಪರೇಶನ್ ಆದವರಲ್ಲಿ ಸಾವು ಕಡಿಮೆ ಅಂತ 2007ರಲ್ಲಿ ಪ್ರಕಟಿಸಿದರು. ಹುಚ್ಚಿಗೆ ಮಾಡಿಸಿಕೊಳ್ಳುವ ಆಪರೇಶನ್ ಅಲ್ಲ ಇದು ಅಣ್ಣಾ.


ಯಾದಗಿರಿ ಪೋರ · ಯಾದಗಿರಿ

ನನ್ನದೊಂದು ತಲೆಕೆಳಗಾದ ಚಿಂತೆ. ನನ್ನ ಬಿಎಂಐ 40ರ ಮೇಲೆ ಸ್ವಲ್ಪವೇ ಇದೆ. ಶುಗರ್ ಇಲ್ಲ. ಡಾಕ್ಟರ್ ಇಳಿಸು ಅಂತಾರೆ. ಇಳಿಸಿದರೆ 40ಕ್ಕಿಂತ ಕೆಳಗೆ ಹೋಗಿ ವಿಮೆಯವರು ಕೈ ಎತ್ತಿದರೆ? ತೂಕ ಇಳಿಯದೆ ಇದ್ದರೂ ಕಷ್ಟ, ಇಳಿದರೂ ಕಷ್ಟ.


ಬಿದ್ರಿ ಬೆಳ್ಳಿ · ಬೀದರ್

ತಮ್ಮಾ, ಇದನ್ನು ನಾನು ಅರೆದು ಕುಡಿದಿದ್ದೇನೆ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಷರತ್ತು ಸ್ಪಷ್ಟ ಇದೆ. 18 ವರ್ಷ ಆಗಿರಬೇಕು, ಡಾಕ್ಟರ್ ಸಲಹೆ ಇರಬೇಕು. ಬಿಎಂಐ 40 ಅಥವಾ ಮೇಲೆ. ಇಲ್ಲವೇ 35 ಅಥವಾ ಮೇಲಿದ್ದು, ಜೊತೆಗೆ ಹೃದಯದ ತೊಂದರೆ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಹಿಡಿತಕ್ಕೆ ಸಿಗದ ಟೈಪ್ 2 ಶುಗರ್, ಇಂಥದ್ದೊಂದು ಇರಬೇಕು, ಬೇರೆ ದಾರಿಯಲ್ಲಿ ತೂಕ ಇಳಿಸಲು ಆಗಿರಬಾರದು. ಡಾಕ್ಟರುಗಳ ಅಳತೆ ಇದಕ್ಕಿಂತ ಸಡಿಲ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ 35ಕ್ಕೇ ಆಪರೇಶನ್ ಹೇಳಬಹುದು ಅನ್ನುತ್ತದೆ, ನಮ್ಮ ಏಷ್ಯಾದವರಿಗೆ ಇನ್ನೂ ಕೆಳಗೆ. ಆದರೆ ಹಲವು ವಿಮಾ ಪಾಲಿಸಿಗಳಲ್ಲಿ 2019ರ ಗೆರೆಯೇ ಇರುತ್ತದೆ, ನಿನ್ನ ಪಾಲಿಸಿ ನೋಡಿಕೋ.

ನೀನು ಮಾಡಬೇಕಾದ್ದು: ಮೊದಲ ಭೇಟಿಯಲ್ಲಿ ಬರೆದ ಎತ್ತರ, ತೂಕ, ದಿನಾಂಕ ಇರುವ ಕಾಗದ ಜೋಪಾನ. ಯಾವ ದಿನದ ತೂಕ ಹಿಡಿಯುತ್ತೀರಿ ಅಂತ ವಿಮೆಯವರಿಗೆ ಈಮೇಲ್ ಹಾಕು, ಉತ್ತರ ಬರಹದಲ್ಲಿ ತೆಗೆದುಕೋ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಕಾಯುವ ಅವಧಿ ಎಷ್ಟು ವರ್ಷ ಅಂತ ಪಾಲಿಸಿಯಲ್ಲಿ ನೋಡು. ಮತ್ತೆ ಗುಟ್ಕಾ ಬಿಡಲೇಬೇಕು. ಬೈಪಾಸ್ ಆದವರಿಗೆ ಜೋಡಣೆ ಇರುವ ಜಾಗದಲ್ಲಿ ಹುಣ್ಣು ಆಗುವುದಕ್ಕೆ ತಂಬಾಕು ದೊಡ್ಡ ಕಾರಣ.


ಸೇಡಂ ರೋಡ್ ಟೀಚರ್ · ಕಲಬುರಗಿ

ಫೋನ್ ಮಾಡಿದೆ. ಗ್ಲಿಮೆಪಿರೈಡ್ ಇಲ್ಲದ ಮಾತ್ರೆಗೆ ಬದಲಿಸಿದರು. ಡಾಪಾದ್ದನ್ನು ಗಟ್ಟಿ ಪಥ್ಯ ಶುರುವಾಗುವ ದಿನದಿಂದಲೇ ನಿಲ್ಲಿಸಿ ಅಂದರು. ನಡುಕ ನಿಂತಿದೆ. ಬಿಸ್ಕತ್ತು ಡಬ್ಬಿ ಮೇಲಿನ ಕಪಾಟಿಗೆ ಹೋಗಿದೆ. ಅತ್ತೆಗೆ ಗ್ಲುಕೋಮೀಟರ್‌ನಲ್ಲಿ ಅಂಕಿ ತೋರಿಸಿದ ಮೇಲೆ ಅವರೇ ಅದನ್ನು ಎತ್ತಿಟ್ಟರು.

ನನ್ನ ಪ್ರಶ್ನೆ ಈಗಲೂ ಇದೆ. ಐದೂವರೆ ಮುಟ್ಟದಿದ್ದರೆ?


ಕಟಕ ರೊಟ್ಟಿ · ಕಲಬುರಗಿ

ಮುಟ್ಟಲೇಬೇಕು ಅಂತ ಕೊನೆಯ ವಾರ ನೀರು ಕುಡಿಯದೆ, ಊಟ ಬಿಟ್ಟು, ಭೇದಿ ಮಾತ್ರೆ ನುಂಗಿ ಬರುವವರನ್ನು ನೋಡಿದ್ದೇನೆ. ಮುಳ್ಳು ಇಳಿಯುತ್ತದೆ, ಮೈ ಒಣಗಿ ಆಪರೇಶನ್‌ಗೆ ಇನ್ನೂ ಕೆಟ್ಟ ಸ್ಥಿತಿ. ಅದು ಬೇಡ.

5%, 10% ಅನ್ನುವುದು ಆಯಾ ಆಸ್ಪತ್ರೆಯ ರೂಢಿ. ಅಮೆರಿಕದ ಬೇರಿಯಾಟ್ರಿಕ್ ಸರ್ಜನ್‌ಗಳ ಸಂಘ 2016ರಲ್ಲೇ ಒಂದು ಮಾತು ಹೇಳಿದೆ: ಇಷ್ಟು ಇಳಿಸಿದರೆ ಮಾತ್ರ ಆಪರೇಶನ್ ಅಂತ ವಿಮೆಯವರು ಹಾಕುವ ಷರತ್ತಿಗೆ ಪುರಾವೆ ಇಲ್ಲ. ಮುಂಚೆ ಜಾಸ್ತಿ ಇಳಿಸಿದವರಿಗೆ ಆಮೇಲೂ ಜಾಸ್ತಿ ಇಳಿಯುತ್ತದೆ ಅನ್ನುವುದೂ ಗಟ್ಟಿಯಾಗಿ ಸಿದ್ಧವಾಗಿಲ್ಲ. ಹಾಗಂತ ನಿಮ್ಮ ಸರ್ಜನ್ ಹೇಳಿದ್ದು ಸುಳ್ಳು ಅಂತಲ್ಲ. ಲಿವರ್ ಕಾರಣ ನಿಜ, ಅರಿವಳಿಕೆಯ ಕಾರಣ ನಿಜ. ಅದಕ್ಕೇ ಅವರನ್ನೇ ನೇರವಾಗಿ ಕೇಳಿ: "ನಾಲ್ಕು ಇಳಿದರೆ ಏನು ಮಾಡುತ್ತೀರಿ?" ಬಹಳ ಜನ ಈ ಒಂದು ಪ್ರಶ್ನೆ ಕೇಳದೆ ತಿಂಗಳುಗಟ್ಟಲೆ ಹೆದರಿಕೊಂಡು ಕೂತಿರುತ್ತಾರೆ. ಊಟ ಏನು ತಿಂದಿರಿ ಅನ್ನುವುದನ್ನು ಇದ್ದ ಹಾಗೇ ಬರೆದುಕೊಂಡು ಹೋಗಿ, ಬಿಸ್ಕತ್ತೂ ಸೇರಿಸಿ.

ತೂಗುವುದು ವಾರಕ್ಕೆ ಒಂದೇ ಸಲ. ಬೆಳಿಗ್ಗೆ, ಶೌಚ ಮುಗಿಸಿ, ಅದೇ ಯಂತ್ರ, ಗಟ್ಟಿ ನೆಲ. ಚಾಪೆ ಮೇಲೆ ಇಟ್ಟು ತೂಗಿದರೆ ಲೆಕ್ಕ ತಪ್ಪುತ್ತದೆ. ಥೈರಾಯ್ಡ್ ಪರೀಕ್ಷೆ ಆಗಿದೆಯಾ ನೋಡಿ. ಗಟ್ಟಿ ಪಥ್ಯವನ್ನು ಅವರು ಹೇಳಿದ ದಿನಕ್ಕಿಂತ ಮುಂಚೆ ನೀವೇ ಶುರು ಮಾಡಬೇಡಿ, ತಿಂಗಳುಗಟ್ಟಲೆ ಎಳೆದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಂಭವ ಜಾಸ್ತಿ.


ಅಡುಗೆಮನೆ ಕಾಕು · ಶಹಾಬಾದ್

ನಾನು ಜೀರಿಗೆ ನೀರು ಹೇಳಿದ್ದಕ್ಕೆ ಬೇಜಾರಿಲ್ಲ ತಾನೇ. ನಮ್ಮ ವೈನಿಗೆ ಹತ್ತು ಕೆಜಿ ಇಳಿದದ್ದು ನಿಜ. ಈಗ ಹನ್ನೆರಡು ಏರಿದ್ದಾರೆ, ಅದೂ ನಿಜ.


ಸೇಡಂ ರೋಡ್ ಟೀಚರ್ · ಕಲಬುರಗಿ

ಕಾಕು, ಬೇಜಾರು ಯಾಕೆ. ದಿನಾ ಬೆಳಿಗ್ಗೆ ಕುಡಿಯುತ್ತಿದ್ದೇನೆ, ರುಚಿಗೆ.

ಹೈದರಾಬಾದಿಗೆ ಹೋಗಿ ಬಂದೆ. ತೂಕ 107.4. ಅಂದರೆ 4.6 ಇಳಿದಿದೆ, ಹೇಳಿದ್ದಕ್ಕಿಂತ ಒಂದು ಕೆಜಿ ಕಮ್ಮಿ. ಕೇಳಿದೆ, ನೇರವಾಗಿ. ಸರ್ಜನ್ ಸ್ಕ್ಯಾನ್ ನೋಡಿದರು, ಮೂರು ವಾರದ ಶುಗರ್ ಚೀಟಿ ನೋಡಿದರು. "ತೂಕ ಸಾಕು, ಗಟ್ಟಿ ಪಥ್ಯದಲ್ಲಿ ಇನ್ನಷ್ಟು ಇಳಿಯುತ್ತದೆ, ಅದರ ಚಿಂತೆ ಬಿಡಿ" ಅಂದರು. ಇಷ್ಟು ದಿನ ಹೆದರಿದ್ದು ಎರಡು ನಿಮಿಷದಲ್ಲಿ ಮುಗಿಯಿತು.

ಆದರೆ ದಿನಾಂಕ ಮುಂದೆ ಹೋಗಿದೆ! ಗೊರಕೆಯಿಂದ. ನರ್ಸ್ ಅಕ್ಕ ಹೇಳಿದ ಹಾಗೆ ತಲೆನೋವು, ತೂಕಡಿಕೆ ಎರಡನ್ನೂ ಹೇಳಿದೆ. ರಾತ್ರಿ ನಿದ್ದೆಯ ಪರೀಕ್ಷೆ ಮಾಡಿದರು. ತೀವ್ರ ಸ್ಲೀಪ್ ಅಪ್ನಿಯಾ ಅಂತ ಬಂತು. ನಿದ್ದೆಯಲ್ಲಿ ಗಂಟೆಗೆ ಮೂವತ್ತಕ್ಕೂ ಜಾಸ್ತಿ ಸಲ ಉಸಿರು ಕಟ್ಟುತ್ತಿದೆಯಂತೆ. ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಕೆಲವು ವಾರ ಮಲಗಬೇಕು, ಆಮೇಲೆ ಆಪರೇಶನ್. ಶಾಲೆ ಶುರುವಾಗುತ್ತದೆ, ಮೆಡಿಕಲ್ ರಜೆ ಹಾಕಬೇಕು. ಮುಖ್ಯೋಪಾಧ್ಯಾಯರಿಗೆ ಏನು ಹೇಳುವುದೋ.

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ತೂಕದ ಹಿಂದೆ ಬಿದ್ದು ಎರಡು ತಿಂಗಳು ಕಳೆದೆ, ಈ ಪರೀಕ್ಷೆ ಮೊದಲ ದಿನವೇ ಆಗಬಹುದಿತ್ತು ಅಲ್ವಾ?


ರಾತ್ರಿಪಾಳಿ · ಕಲಬುರಗಿ

ಆಗಬೇಕಿತ್ತು. 45ರ ಬಿಎಂಐ, ಬಿಪಿ, ಗೊರಕೆ, ಮೂರೂ ಇದ್ದಾಗ ಮೊದಲೇ ಕೇಳಬೇಕಾದ ಪರೀಕ್ಷೆ ಅದು. ಆದರೆ ಈಗ ಗೊತ್ತಾದದ್ದು ಒಳ್ಳೆಯದೇ. ಇಂಥವರಿಗೆ ಅರಿವಳಿಕೆ ಕೊಟ್ಟ ಮೇಲೆ, ನೋವಿನ ಔಷಧಿ ಕೊಟ್ಟ ಮೇಲೆ ಗಂಟಲಿನ ದಾರಿ ಮುಚ್ಚಿಕೊಳ್ಳುವುದು ಸುಲಭ. ವಾರ್ಡಿನಲ್ಲಿ ರಾತ್ರಿ ನಮಗೆ ನಿಜವಾದ ಭಯ ಅದೇ. ಯಂತ್ರ ಅಭ್ಯಾಸ ಆದವರು ಆಸ್ಪತ್ರೆಗೂ ಅದನ್ನೇ ತರುತ್ತಾರೆ, ಆಪರೇಶನ್ ಆದ ರಾತ್ರಿ ಹಾಕಿಕೊಂಡೇ ಮಲಗುತ್ತಾರೆ. ಮತ್ತೆ ನಿದ್ದೆ ಕೆಟ್ಟವರಿಗೆ ಹಸಿವು ಜಾಸ್ತಿ, ತೂಕ ಇಳಿಯುವುದು ಕಷ್ಟ.


ಸೇಡಂ ರೋಡ್ ಟೀಚರ್ · ಕಲಬುರಗಿ

ಸರಿ. ಯಂತ್ರ ಕೊಳ್ಳಬೇಕಾ, ಬಾಡಿಗೆಗೆ ಸಿಗುತ್ತಾ? ಮೂಗಿಗೆ ಮಾತ್ರ ಹಾಕುವುದು, ಬಾಯಿ ಮೂಗು ಎರಡಕ್ಕೂ ಹಾಕುವುದು ಅಂತ ಎರಡು ಮಾಸ್ಕ್ ತೋರಿಸಿದರು. ಯಾವುದು?


ಬಿದ್ರಿ ಬೆಳ್ಳಿ · ಬೀದರ್

ನಮ್ಮ ಮಾವನವರು ಬಾಡಿಗೆಗೆ ತಂದಿದ್ದರು. ಮೊದಲು ಬಾಡಿಗೆಗೆ ತನ್ನಿ. ಆಪರೇಶನ್ ಆಗಿ ತೂಕ ಇಳಿದ ಮೇಲೆ ಹಲವರಿಗೆ ಅಪ್ನಿಯಾ ಬಹಳ ಕಮ್ಮಿ ಆಗುತ್ತದೆ, ಆಗ ಮತ್ತೆ ಪರೀಕ್ಷೆ ಮಾಡಿಸಿ ಡಾಕ್ಟರ್ ಹೇಳಿದರೆ ವಾಪಸ್ ಕೊಡಬಹುದು. ಮಾಸ್ಕ್ ಮಾತ್ರ ಹೊಸದು ಕೊಳ್ಳಿ, ಮುಖಕ್ಕೆ ಹಾಕಿ ನೋಡಿ ಕೊಳ್ಳಿ, ಗಾಳಿ ಸೋರಬಾರದು. ಬಾಯಿ ತೆರೆದು ಮಲಗುವ ಅಭ್ಯಾಸ ಇದ್ದರೆ ಎರಡಕ್ಕೂ ಹಾಕುವುದೇ ಸರಿ. ನೀರಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ನಮ್ಮ ಬೋರಿನ ಗಡಸು ನೀರು ಹಾಕಿದರೆ ಬಿಳಿ ಪದರ ಕೂರುತ್ತದೆ. ಬೇಸಿಗೆಯಲ್ಲಿ ರಾತ್ರಿ ಕರೆಂಟ್ ಹೋಗುವ ಏರಿಯಾ ಆದರೆ ಇನ್ವರ್ಟರ್ ಲೈನ್ ಇರುವ ಪ್ಲಗ್ ಯಾವುದು ಅಂತ ಮೊದಲೇ ನೋಡಿಕೊಳ್ಳಿ.


ಸೇಡಂ ರೋಡ್ ಟೀಚರ್ · ಕಲಬುರಗಿ

ಬೆಡ್‌ರೂಮಿನಲ್ಲಿ ಇನ್ವರ್ಟರ್ ಪ್ಲಗ್ ಇಲ್ಲ. ನಾಳೆ ಎಲೆಕ್ಟ್ರಿಶಿಯನ್ ಕರೆಸುತ್ತೇನೆ.